‘ಒಪ್ಪಿಕೊಂಡಿದ್ದಾಳೆ’ ಎಂದು ಬರೆದವನು

ಈ ಸಲದ ಪ್ರಬಂಧದ ವಿಷಯ ಸ್ವಲ್ಪ ಭಾರದ್ದು. ಪಾಡ್‌ಕಾಸ್ಟ್‌ನಲ್ಲಿ ಕೇಳುವವರು ಅಡುಗೆ ಮಾಡ್ತಾ, ಕಾರು ಓಡಿಸ್ತಾ ಕೇಳ್ತೀರಿ ಅಂತ ಗೊತ್ತು. ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದರೆ ಆಮೇಲೆ ಕೇಳಿ. ಕನ್ನಡ ಕಲಿಯುತ್ತಾ ಓದುವವರಿಗೆ ಎರಡು ಪದ ಮೊದಲೇ ಹೇಳಿಬಿಡ್ತೀನಿ. ‘ಮಾಟ’ ಅಂದರೆ ಇನ್ನೊಬ್ಬರಿಗೆ ಕೇಡಾಗಲಿ ಅಂತ ಗುಟ್ಟಾಗಿ ಮಾಡುವ ಮಂತ್ರ ತಂತ್ರ. ಅದನ್ನು ಮಾಡುವವಳು ಮಾಟಗಾತಿ. ‘ತಪ್ಪೊಪ್ಪಿಗೆ’ ಅಂದರೆ ‘ಹೌದು, ನಾನೇ ಮಾಡಿದ್ದು’ ಎಂದು ಬಾಯಿಬಿಟ್ಟು ಹೇಳುವುದು. ಇವತ್ತಿನ ಮಾತೆಲ್ಲ ಈ ಎರಡನೇ ಪದದ ಸುತ್ತ.

ನಾನು ಎಂಎಸ್‌ಸಿ ಮಾಡಿದ್ದು ಎಡಿನ್‌ಬರಾದಲ್ಲಿ. ಅಲ್ಲಿಯ ಕೋಟೆಯ ಮುಂದಿನ ಬಯಲಿಗೆ ಹೋಗುವ ದಾರಿಯಲ್ಲಿ, ಗೋಡೆಗೆ ಅಂಟಿಕೊಂಡ ಹಾಗೆ ಒಂದು ಪುಟ್ಟ ಕಾರಂಜಿ ಇದೆ. ‘ವಿಚಸ್ ವೆಲ್’ ಅಂತ ಹೆಸರು. 1894ರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಮಾಡಿಸಿದ್ದು. ಮುಂದೆ ಭಾರತಕ್ಕೆ ಬಂದು ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದರಲ್ಲ, ಅದೇ ಗೆಡ್ಡಿಸ್. ಮಾಟಗಾತಿಯರು ಎಂದು ಆ ಜಾಗದ ಹತ್ತಿರ ಸುಟ್ಟುಹಾಕಿದವರ ನೆನಪಿಗೆ ಅದು. ಪ್ರವಾಸಿಗಳು ಕೋಟೆಯ ಫೋಟೋ ತೆಗೆಯುವ ಆತುರದಲ್ಲಿ ಅದನ್ನು ನೋಡುವುದೇ ಇಲ್ಲ. ನಾನೂ ಮೂರು ತಿಂಗಳು ನೋಡಿರಲಿಲ್ಲ. ಒಂದು ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಊರು ತೋರಿಸುವಾಗ ಕಣ್ಣಿಗೆ ಬಿತ್ತು.

“ಏನೋ ಅದು, ನಲ್ಲಿನಾ?”

“ಅಲ್ಲಮ್ಮ. ಮಾಟಗಾತಿಯರು ಅಂತ ಇಲ್ಲಿ ಸುಟ್ಟುಹಾಕಿದ್ರಂತೆ, ಅವರ ನೆನಪಿಗೆ.”

“ಅಯ್ಯೋ. ನಿಜವಾಗ್ಲೂ ಮಾಟ ಮಾಡ್ತಿದ್ರಾ?”

“ಇಲ್ಲಮ್ಮ. ಆದ್ರೆ ಎಷ್ಟೋ ಜನ ಒಪ್ಕೊಂಡಿದ್ರಂತೆ.”

“ಅವರೇ ಒಪ್ಕೊಂಡ್ಮೇಲೆ ಇನ್ನೇನೋ? ಮಾಡದೆ ಇರೋರು ಯಾಕೆ ಒಪ್ಕೋತಾರೆ?”

ಅಮ್ಮ ಮೂಢನಂಬಿಕೆಯವಳಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಅವಳ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. “ಹೊಡೆದಿರ್ತಾರೆ ಬಿಡಮ್ಮ” ಅಂದು ಕಾಲ್ ಮುಗಿಸಿದೆ. ಉತ್ತರ ಅಷ್ಟು ಸುಲಭ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಲೆಕ್ಕದಲ್ಲಿ ಇರುವವರು, ಇಲ್ಲದವರು

ಸ್ಕಾಟ್ಲೆಂಡಿನಲ್ಲಿ ಮಾಟ ಮಾಡುವುದು ಮರಣದಂಡನೆಯ ಅಪರಾಧ ಎಂಬ ಕಾನೂನು ಬಂದದ್ದು 1563ರಲ್ಲಿ. ರದ್ದಾದದ್ದು 1736ರಲ್ಲಿ. ಎಡಿನ್‌ಬರಾ ವಿಶ್ವವಿದ್ಯಾಲಯದ ಇತಿಹಾಸಕಾರರು ಈ ಅವಧಿಯ ದಾಖಲೆಗಳನ್ನೆಲ್ಲ ಜಾಲಾಡಿ 2003ರಲ್ಲಿ ಒಂದು ಡೇಟಾಬೇಸ್ ಪ್ರಕಟಿಸಿದರು. ಅದರಲ್ಲಿ 3,837 ಆರೋಪಿಗಳಿದ್ದಾರೆ. ಹೆಸರು ಸಿಕ್ಕಿರುವುದು 3,212 ಜನರದ್ದು. ಉಳಿದವರು ‘ಇನ್ನೊಬ್ಬ ಹೆಂಗಸು’, ‘ಮತ್ತೆ ಕೆಲವರು’ ಎಂಬಂಥ ಒಂದು ಸಾಲಾಗಿ ಮಾತ್ರ ಉಳಿದಿದ್ದಾರೆ. ಆರೋಪಿಗಳಲ್ಲಿ ಶೇಕಡಾ 84ರಷ್ಟು ಹೆಂಗಸರು. ಆಗ ಇಡೀ ದೇಶದ ಜನಸಂಖ್ಯೆ ಸುಮಾರು ಹತ್ತು ಲಕ್ಷ.

ಡೇಟಾ ಸೈನ್ಸ್ ನನ್ನ ಹೊಟ್ಟೆಪಾಡು. ಯಾವುದೇ ಟೇಬಲ್ ಕೊಟ್ಟರೂ ಮೊದಲು ಖಾಲಿ ಕೋಶಗಳನ್ನು ಎಣಿಸುವುದು ಅಭ್ಯಾಸ. ಇಲ್ಲೂ ಅದನ್ನೇ ಮಾಡಿದೆ. ಶಿಕ್ಷೆ ಏನಾಯಿತು ಎಂಬ ಕಾಲಮ್ಮಿನಲ್ಲಿ ಉತ್ತರ ಇರುವುದು ಬರೀ 305 ಪ್ರಕರಣಗಳಲ್ಲಿ. ಅದರಲ್ಲಿ 205 ಮರಣದಂಡನೆ, 52 ಬಿಡುಗಡೆ, 27 ಗಡೀಪಾರು. ಮೂರರಲ್ಲಿ ಎರಡು ಪಾಲು ಸಾವು ಅಂತ ಲೆಕ್ಕ ಹಾಕಿ, ಒಟ್ಟು ಸುಮಾರು 2,500 ಜನ ಸತ್ತಿರಬಹುದು ಅಂತ ಅಂದಾಜು ಮಾಡುತ್ತಾರೆ. ಆದರೆ ಉಳಿದಿರುವ ದಾಖಲೆಗಳಲ್ಲಿ ಹೆಚ್ಚಿನವು ಎಡಿನ್‌ಬರಾದ ಮೇಲಿನ ನ್ಯಾಯಾಲಯದ್ದು. ಹೆಚ್ಚು ವಿಚಾರಣೆ ನಡೆದದ್ದು ಹಳ್ಳಿ ಮತ್ತು ಚಿಕ್ಕ ಪಟ್ಟಣಗಳಲ್ಲಿ, ಆ ಊರಿನ ಜಮೀನ್ದಾರರೇ ನ್ಯಾಯಾಧೀಶರಾಗಿ ಕೂತಲ್ಲಿ. ಬರೆದಿಟ್ಟ ಜಾಗದಲ್ಲಿ ಹೀಗಿದ್ದರೆ ಬರೆದಿಡದ ಜಾಗದಲ್ಲಿ ಹೇಗಿತ್ತೋ! ಖಾಲಿ ಕೋಶ ಅಂದರೆ ಸೊನ್ನೆ ಅಲ್ಲ, ನಮ್ಮ ಕಸುಬಿನ ಮೊದಲ ಪಾಠ ಅದು.

ವಿಚಾರಣೆ ಹೇಗೆ ನಡೆಯುತ್ತಿತ್ತು ಎಂದು ಸ್ವಲ್ಪ ಹೇಳಬೇಕು, ಯಾಕಂದರೆ ನಮ್ಮ ತಲೆಯಲ್ಲಿರುವುದು ಸಿನಿಮಾದ ಚಿತ್ರ: ಪಂಜು ಹಿಡಿದು ಕೂಗುವ ಜನ. ಸ್ಕಾಟ್ಲೆಂಡಿನಲ್ಲಿ ನಡೆದದ್ದು ಹೆಚ್ಚಾಗಿ ಕಾಗದಪತ್ರದ ಕೆಲಸ. ಅಕ್ಕಪಕ್ಕದವರು ದೂರುತ್ತಾರೆ: ಅವಳು ಶಾಪ ಹಾಕಿದ ಮಾರನೇ ದಿನವೇ ನಮ್ಮ ಹಸು ಸತ್ತಿತು ಅಂತ. ಚರ್ಚಿನ ಪಾದ್ರಿ ಮತ್ತು ಹಿರಿಯರು ಅವಳನ್ನು ಕೂಡಿಹಾಕಿ ಪ್ರಶ್ನೆ ಕೇಳುತ್ತಾರೆ. ಅವಳು ಹೇಳಿದ್ದನ್ನು ಗುಮಾಸ್ತ ಬರೆಯುತ್ತಾನೆ. ಆ ಕಾಗದ ಎಡಿನ್‌ಬರಾದ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತದೆ. ಅವರು ಓದಿ, ತಪ್ಪೊಪ್ಪಿಗೆ ಇದೆಯಲ್ಲ ಅಂತ ನೋಡಿ, ಊರಲ್ಲೇ ವಿಚಾರಣೆ ಮಾಡಿ ಎಂದು ಅಪ್ಪಣೆ ಕೊಡುತ್ತಾರೆ. ಕಾಗದ ವಾಪಸ್ ಬರುವ ಹೊತ್ತಿಗೆ ಮುಕ್ಕಾಲು ತೀರ್ಪು ಆಗಿಹೋಗಿರುತ್ತದೆ.

ಕರ್ಕಾಡಿ ಎಂಬ ಪಟ್ಟಣದಲ್ಲಿ 1633ರಲ್ಲಿ ವಿಲಿಯಂ ಕೋಕ್ ಮತ್ತು ಅವನ ಹೆಂಡತಿ ಆಲಿಸನ್ ಡಿಕ್ ಇಬ್ಬರನ್ನೂ ಸುಟ್ಟರು. ಅದರ ಖರ್ಚಿನ ಪಟ್ಟಿ ಉಳಿದಿದೆ. ಹತ್ತು ಹೊರೆ ಕಲ್ಲಿದ್ದಲು, ಒಂದು ಪೀಪಾಯಿ ಡಾಂಬರು, ಹಗ್ಗ, ಕೊಲ್ಲುವವನ ಕೂಲಿ, ಅವನ ಊಟದ ಖರ್ಚು, ಅವನನ್ನು ಕರೆದುತಂದವನಿಗೆ ಇಷ್ಟು. ಖರ್ಚನ್ನು ಚರ್ಚೂ ಪುರಸಭೆಯೂ ಹಂಚಿಕೊಂಡವು. ಯಾರೋ ಕೂತು ಕೂಡಿಸಿ, ತಪ್ಪಿಲ್ಲದೆ ಬರೆದಿದ್ದಾರೆ.

ನಿದ್ದೆ

ಹಾಗಾದರೆ ಯಾಕೆ ಒಪ್ಪಿಕೊಂಡರು? ನಾನು ಅಮ್ಮನಿಗೆ ಹೇಳಿದ ‘ಹೊಡೆದಿರ್ತಾರೆ’ ಪೂರ್ತಿ ಸುಳ್ಳಲ್ಲ. 1590ರಲ್ಲಿ ಟ್ರಾನೆಂಟ್ ಎಂಬ ಊರಿನ ಅಧಿಕಾರಿ ಡೇವಿಡ್ ಸೀಟನ್‌ಗೆ ತನ್ನ ಮನೆಯ ಕೆಲಸದ ಹುಡುಗಿ ಗೀಲಿಸ್ ಡಂಕನ್ ಮೇಲೆ ಅನುಮಾನ ಬಂತು. ಅವಳು ರೋಗ ವಾಸಿಮಾಡುತ್ತಾಳೆ, ರಾತ್ರಿ ಎಲ್ಲೋ ಹೋಗುತ್ತಾಳೆ ಎಂಬುದು ಕಾರಣ. ಅವಳ ಬೆರಳುಗಳನ್ನು ಹಿಂಸೆಯ ಯಂತ್ರಕ್ಕೆ ಸಿಕ್ಕಿಸಿದರು, ಅವಳು ಹೆಸರುಗಳನ್ನು ಹೇಳಿದಳು. ಆ ಹೆಸರುಗಳಲ್ಲಿ ಒಂದು ಆಗ್ನೆಸ್ ಸ್ಯಾಂಪ್ಸನ್, ಸೂಲಗಿತ್ತಿ, ನಾಟಿ ವೈದ್ಯೆ. ಅದೇ ಸಮಯಕ್ಕೆ ರಾಜ ಆರನೇ ಜೇಮ್ಸ್, ಡೆನ್ಮಾರ್ಕಿನ ರಾಜಕುಮಾರಿ ಆನ್‌ಳನ್ನು ಮದುವೆಯಾಗಿ ಬಿರುಗಾಳಿಯ ಸಮುದ್ರ ದಾಟಿ ಬಂದಿದ್ದ. ಆ ಬಿರುಗಾಳಿ ಇವರೇ ಎಬ್ಬಿಸಿದ್ದು ಎಂದಾಯಿತು. ರಾಜನೇ ಕೂತು ಆಗ್ನೆಸ್‌ಳನ್ನು ಪ್ರಶ್ನಿಸಿದ. 1591ರ ಜನವರಿಯಲ್ಲಿ ಅವಳನ್ನು ಕತ್ತು ಹಿಸುಕಿ ಸುಟ್ಟರು. ಅದೇ ವರ್ಷದ ಕೊನೆಗೆ ಗೀಲಿಸ್‌ಳ ಸರದಿ. ಸಾಯುವ ಮುಂಚೆ ಅವಳು, ತಾನು ಕೆಲವರ ಮೇಲೆ ಹೇಳಿದ್ದು ಸುಳ್ಳು ಎಂದಳು.

ಆದರೆ ಹೆಚ್ಚಿನ ಪ್ರಕರಣಗಳಲ್ಲಿ ಯಂತ್ರ ಬೇಕಾಗಲಿಲ್ಲ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಚಿತ್ರಹಿಂಸೆಗೆ ಮೇಲಿನವರ ಅನುಮತಿ ಬೇಕಿತ್ತು. ನಿದ್ದೆ ಮಾಡಲು ಬಿಡದೆ ಇರುವುದು ಚಿತ್ರಹಿಂಸೆ ಅಂತ ಲೆಕ್ಕಕ್ಕೇ ಇರಲಿಲ್ಲ. ಅದಕ್ಕೆ ‘ಕಾವಲು’ ಅಂತ ಹೆಸರು. ಊರಿನ ಗಂಡಸರು ಸರದಿಯ ಮೇಲೆ ಕೂತು, ಆರೋಪಿ ತೂಕಡಿಸಿದರೆ ಎಬ್ಬಿಸುವುದು. ಮೂರು ರಾತ್ರಿ ನಿದ್ದೆ ಇಲ್ಲದಿದ್ದರೆ ಏನಾಗುತ್ತದೆ? ಮನೆಯಲ್ಲಿ ಹಸುಗೂಸು ಇದ್ದವರಿಗೆ ಸ್ವಲ್ಪ ಅಂದಾಜಿರುತ್ತದೆ. ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳುತ್ತದೆ. ಅಂಥ ಹೊತ್ತಿನಲ್ಲಿ ಪಾದ್ರಿ, ‘ನೀನು ಸೈತಾನನನ್ನು ನೋಡಿದ್ದು ಎಲ್ಲಿ? ಅವನ ಬಟ್ಟೆಯ ಬಣ್ಣ ಯಾವುದು?’ ಎಂದು ಕೇಳಿದರೆ, ಏನೋ ಒಂದು ಬಣ್ಣ ಬಾಯಿಗೆ ಬರುತ್ತದೆ. ‘ನೋಡಿದ್ದೀಯಾ?’ ಎಂಬ ಪ್ರಶ್ನೆ ಆಗಲೇ ದಾಟಿಹೋಗಿದೆ, ಗಮನಿಸಿ.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಜಾರ್ಜ್ ಮೆಕೆಂಜಿ ಎಂಬ ವಕೀಲ, ರಾಜನ ಮುಖ್ಯ ವಕೀಲನೂ ಆಗಿದ್ದವನು, 1678ರ ತನ್ನ ಕಾನೂನು ಪುಸ್ತಕದಲ್ಲಿ ಒಬ್ಬ ಹೆಂಗಸಿನ ವಿಷಯ ಬರೆಯುತ್ತಾನೆ. ಅವಳು ತಪ್ಪೊಪ್ಪಿಕೊಂಡು ಸೆರೆಮನೆಯಲ್ಲಿದ್ದಳು. ಇವನು ಹೋಗಿ ಮಾತಾಡಿಸಿದಾಗ ಗುಟ್ಟಾಗಿ ನಿಜ ಹೇಳಿದಳು. ತಾನು ಮಾಟಗಾತಿಯೇ ಅಲ್ಲ, ಕೂಲಿ ಮಾಡಿ ತಿನ್ನುವವಳು. ಒಮ್ಮೆ ಆ ಹೆಸರು ಬಂದ ಮೇಲೆ ಯಾರೂ ಅನ್ನ ಹಾಕುವುದಿಲ್ಲ, ಮನೆಯೊಳಗೆ ಸೇರಿಸುವುದಿಲ್ಲ, ಜನ ಹೊಡೆಯುತ್ತಾರೆ, ನಾಯಿ ಛೂ ಬಿಡುತ್ತಾರೆ. ಹಾಗೆ ಬದುಕುವುದಕ್ಕಿಂತ ಈ ಲೋಕ ಬಿಟ್ಟುಹೋಗುವುದೇ ವಾಸಿ ಅಂತ ಒಪ್ಪಿಕೊಂಡೆ. ಇಷ್ಟು ಹೇಳಿ ಅತ್ತಳಂತೆ.

ಅವಳು ಹೇಳಿದ್ದರಲ್ಲಿ ಬೆರಳು ಮುರಿದವರ ಮಾತಿಲ್ಲ, ನಿದ್ದೆಗೆಡಿಸಿದವರ ಮಾತಿಲ್ಲ. ಹೊರಗಿನಿಂದ ನೋಡಿದರೆ ಅವಳದು ‘ಸ್ವಂತ ಇಚ್ಛೆಯ’ ತಪ್ಪೊಪ್ಪಿಗೆ. ಅಮ್ಮನ ಪ್ರಶ್ನೆಗೆ ಉತ್ತರ ಇವಳ ಹತ್ತಿರ ಇತ್ತು: ‘ಇಲ್ಲ’ ಅಂದರೂ ಬದುಕು ಮುಗಿದಿದೆ ಎಂದಾಗ ‘ಹೌದು’ ಅನ್ನುವುದಕ್ಕೆ ಹೊಡೆತ ಬೇಕಾಗಿಲ್ಲ.

ಅವರನ್ನು ದೂರಬಹುದೇ?

ಈಗ ನಿಜವಾದ ಪ್ರಶ್ನೆ. ಆ ಪಾದ್ರಿ, ಆ ಜಮೀನ್ದಾರ, ಆ ಗುಮಾಸ್ತ ತಪ್ಪಿತಸ್ಥರೇ? ‘ಆ ಕಾಲ ಹಾಗಿತ್ತು’ ಎಂದು ಒಬ್ಬರು ಹೇಳುತ್ತಾರೆ. ಸೈತಾನ ನಿಜ ಎಂದು ಪಂಡಿತರೂ ನಂಬಿದ್ದ ಕಾಲ, ಹಾಗಾಗಿ ಅವರ ಮಟ್ಟಿಗೆ ಅವರು ಊರನ್ನು ಕಾಪಾಡುತ್ತಿದ್ದರು. ಇನ್ನೊಬ್ಬರು, ‘ಅವರೆಲ್ಲ ದುಷ್ಟರು, ಹೆಂಗಸರನ್ನು ತುಳಿಯಲು ನೆಪ ಹುಡುಕಿದರು’ ಎನ್ನುತ್ತಾರೆ. ಎರಡರಲ್ಲೂ ಸ್ವಲ್ಪ ಸತ್ಯ ಇದೆ. ಎರಡೂ ನಮ್ಮನ್ನು ಆರಾಮವಾಗಿ ಇಡುತ್ತವೆ ಎಂಬುದೇ ನನ್ನ ತಕರಾರು. ನಾವು ಆ ಕಾಲದವರಲ್ಲ, ದುಷ್ಟರೂ ಅಲ್ಲ. ಹಾಗಾದರೆ ನಮಗೇನೂ ಸಂಬಂಧವಿಲ್ಲ ಅಂತಾಯಿತಲ್ಲ!

‘ಆ ಕಾಲ ಹಾಗಿತ್ತು’ ಎನ್ನುವವರಿಗೆ ಎರಡು ಸಂಗತಿ ಹೇಳಬೇಕು. 1597ರಲ್ಲಿ ಮಾರ್ಗರೆಟ್ ಏಟ್ಕನ್ ಎಂಬ ಹೆಂಗಸು ಸಿಕ್ಕಿಬಿದ್ದಳು. ಜೀವ ಉಳಿಸಿಕೊಳ್ಳಲು, ಮಾಟಗಾತಿಯರ ಕಣ್ಣು ನೋಡಿದರೆ ಸಾಕು ಗುರುತು ಹಿಡಿಯುತ್ತೇನೆ ಎಂದಳು. ಅವಳನ್ನು ಊರಿಂದೂರಿಗೆ ಕರೆದೊಯ್ದರು. ಅವಳು ಬೆರಳು ತೋರಿಸಿದವರು ಎಷ್ಟೋ ಜನ ಸತ್ತರು. ಕೊನೆಗೆ ಯಾರೋ ಒಬ್ಬರಿಗೆ ಒಂದು ಉಪಾಯ ಹೊಳೆಯಿತು. ಅವಳು ಇವತ್ತು ‘ಮಾಟಗಾತಿ’ ಎಂದವರನ್ನೇ ಮಾರನೇ ದಿನ ಬೇರೆ ಬಟ್ಟೆ ಹಾಕಿಸಿ ತಂದು ನಿಲ್ಲಿಸಿದರು. ಅವಳು ಅವರನ್ನೇ ‘ನಿರಪರಾಧಿ’ ಎಂದಳು. ಮೋಸ ಬಯಲಾಯಿತು. ಆ ಪರೀಕ್ಷೆಗೆ ಆಧುನಿಕ ವಿಜ್ಞಾನ ಏನೂ ಬೇಕಿರಲಿಲ್ಲ, ಒಂದು ಜೊತೆ ಬಟ್ಟೆ ಸಾಕಾಯಿತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಆ ಬುದ್ಧಿ ಆ ಕಾಲಕ್ಕೂ ಇತ್ತು. ಬಟ್ಟೆ ಬದಲಿಸಿ ನೋಡೋಣ ಅಂತ ಮೊದಲನೇ ಊರಿನಲ್ಲೇ ಯಾರಾದರೂ ಕೇಳಬಹುದಿತ್ತು.

ಎರಡನೆಯದು, ಯಾಕೆ ಕೇಳಲಿಲ್ಲ ಎಂಬುದಕ್ಕೆ. 1591ರಲ್ಲಿ ಬಾರ್ಬರಾ ನೇಪಿಯರ್ ಎಂಬವಳನ್ನು ಜ್ಯೂರಿಯವರು ಮುಖ್ಯ ಆರೋಪದಿಂದ ಬಿಡುಗಡೆ ಮಾಡಿದರು. ರಾಜ ಜೇಮ್ಸ್ ಸಿಟ್ಟಾಗಿ, ಬೇಕೆಂದೇ ತಪ್ಪು ತೀರ್ಪು ಕೊಟ್ಟಿದ್ದೀರಿ ಅಂತ ಆ ಜ್ಯೂರಿಯವರ ಮೇಲೇ ಮೊಕದ್ದಮೆ ಹಾಕಿಸಿದ. ಅವರು ರಾಜನ ಕ್ಷಮೆ ಬೇಡಬೇಕಾಯಿತು. ಅಂದರೆ ನಿರಪರಾಧಿಯನ್ನು ಸುಟ್ಟರೆ ಯಾರೂ ಕೇಳುವುದಿಲ್ಲ, ಅಪರಾಧಿ ಎನಿಸಿಕೊಂಡವಳನ್ನು ಬಿಟ್ಟರೆ ನಿನ್ನ ಕತ್ತಿಗೇ ಬರುತ್ತದೆ. ಎರಡು ಬಗೆಯ ತಪ್ಪಿನಲ್ಲಿ ಒಂದಕ್ಕೆ ಮಾತ್ರ ದಂಡ ಇಟ್ಟರೆ, ಒಳ್ಳೆಯವರೂ ಇನ್ನೊಂದು ತಪ್ಪನ್ನು ಮಾಡುತ್ತಾ ಹೋಗುತ್ತಾರೆ.

ನನಗೆ ಅನ್ನಿಸುವುದು ಹೀಗೆ. ಸೈತಾನ ಇದ್ದಾನೆ ಎಂಬ ನಂಬಿಕೆಯನ್ನು ಅವರು ಕಾಲದಿಂದ ಪಡೆದರು, ಸರಿ, ಅದಕ್ಕೆ ಅವರನ್ನು ದೂರುವುದು ಕಷ್ಟ. ಆದರೆ ಮೂರು ದಿನ ‘ಇಲ್ಲ’ ಎಂದವಳ ಮಾತನ್ನು ಬರೆಯದೆ ನಾಲ್ಕನೇ ದಿನದ ‘ಹೌದು’ ಮಾತ್ರ ಬರೆಯುವುದು ಕಾಲ ಮಾಡಿದ ಕೆಲಸ ಅಲ್ಲ. ಅದನ್ನು ಆ ಕೋಣೆಯಲ್ಲಿ ಕೂತಿದ್ದ ಮನುಷ್ಯ ಮಾಡಿದ. ಅವನು ತನ್ನನ್ನೇ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ‘ಇವಳು ನಿರಪರಾಧಿ ಆಗಿದ್ದರೆ ಈ ಕೋಣೆಯಲ್ಲಿ ಬೇರೆ ಏನಾದರೂ ನಡೆಯುತ್ತಿತ್ತಾ?’ ಅಪರಾಧಿ ಆದರೂ ‘ಹೌದು’, ನಿರಪರಾಧಿ ಆದರೂ ‘ಹೌದು’ ಬರುವ ಜಾಗದಲ್ಲಿ ‘ಹೌದು’ ಎಂಬ ಪದಕ್ಕೆ ಅರ್ಥವೇ ಇಲ್ಲ. ಅದನ್ನು ಸಾಕ್ಷಿ ಎಂದು ಬರೆದರೆ ಬರೆದವನ ಮೇಲೆ ತಪ್ಪು ಬರುತ್ತದೆ, ಅವನು ಎಷ್ಟೇ ಪ್ರಾಮಾಣಿಕವಾಗಿ ನಂಬಿದ್ದರೂ.

ಇದು 350 ವರ್ಷ ಆದ ಮೇಲೆ ಸೋಫಾದ ಮೇಲೆ ಕೂತು ಹೇಳುವ ಬುದ್ಧಿವಾದ ಅಂತ ನೀವು ಅನ್ನಬಹುದು. ಅದಕ್ಕೇ ನನ್ನದೊಂದು ಕಥೆ ಹೇಳಬೇಕು.

ನನ್ನ ಕಾಲಮ್ಮು

ಓದು ಮುಗಿಸಿ ನಾನು ಸೇರಿದ ಮೊದಲ ಕೆಲಸ ಒಂದು ವಿಮೆ ಕಂಪನಿಯಲ್ಲಿ. ಸುಳ್ಳು ಕ್ಲೇಮ್‌ಗಳನ್ನು ಹಿಡಿಯುವ ಮಾಡೆಲ್ ಕಟ್ಟುವುದು ನನ್ನ ಪಾಲಿಗೆ ಬಂತು. ಮಾಡೆಲ್‌ಗೆ ಕಲಿಸಬೇಕಾದರೆ ಹಳೆಯ ಉದಾಹರಣೆ ಬೇಕು: ಇದು ಸುಳ್ಳು, ಇದು ನಿಜ ಅಂತ. ಆ ಕಾಲಮ್ ರೆಡಿಯಾಗಿ ಬಂದಿತ್ತು. ಸುಳ್ಳು ಅಂದರೆ 1, ನಿಜ ಅಂದರೆ 0. ನಾನು ಖುಷಿಯಾಗಿ ತಗೊಂಡೆ. ಮಾಡೆಲ್ ಚೆನ್ನಾಗಿ ಬಂತು, ಮೀಟಿಂಗಿನಲ್ಲಿ ಚಪ್ಪಾಳೆಯೂ ಬಿತ್ತು.

ಎಂಟು ತಿಂಗಳಾದ ಮೇಲೆ ಏನೋ ಬೇರೆ ಕೆಲಸಕ್ಕೆ ಅಂತ ಆ ಹಳೆಯ ಫೈಲುಗಳನ್ನು ತೆರೆದು ಓದಿದೆ. 1 ಅಂದರೆ ಏನು ಅಂತ ಆವತ್ತು ಗೊತ್ತಾಯಿತು. ಅನುಮಾನ ಬಂದವರಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಾರೆ, ರಸೀದಿ ಕೇಳುತ್ತಾರೆ, ಅದೇ ಪ್ರಶ್ನೆ ಇನ್ನೊಮ್ಮೆ ಕೇಳುತ್ತಾರೆ. ಬೇಸತ್ತು ಕ್ಲೇಮ್ ವಾಪಸ್ ತಗೊಂಡರೆ, ಸುಳ್ಳು ಅಂತ ಒಪ್ಪಿಕೊಂಡ ಹಾಗೆ. ಆಗ 1. ಒಂದು ಫೈಲಿನಲ್ಲಿ ಫೋನ್ ಮಾಡಿದವರು ಬರೆದಿಟ್ಟ ಟಿಪ್ಪಣಿ ಇತ್ತು. ಆಕೆಗೆ ರಾತ್ರಿ ಪಾಳಿ ಕೆಲಸ, ಹಗಲು ಫೋನ್ ಬಂದರೆ ನಿದ್ದೆ ಕೆಡುತ್ತದೆ, ನನಗೆ ಆ ದುಡ್ಡೇ ಬೇಡ ಬಿಟ್ಟುಬಿಡಿ ಅಂದಳು ಎಂದು. ಪಕ್ಕದಲ್ಲಿ 1.

ಮೆಕೆಂಜಿ ಬರೆದ ಆ ಹೆಂಗಸು ನೆನಪಾದಳು. ಹೋಲಿಕೆ ಅತಿಯಾಯಿತು, ಒಪ್ಪುತ್ತೇನೆ. ಇಲ್ಲಿ ಯಾರೂ ಸಾಯಲಿಲ್ಲ, ಯಾವುದೋ ಸೂಟ್‌ಕೇಸಿನ ದುಡ್ಡು ಹೋಯಿತು ಅಷ್ಟೇ. ಆದರೆ ನಾನು ಮಾಡಿದ ಕೆಲಸ ಆ ಗುಮಾಸ್ತನ ಕೆಲಸವೇ. ಸುಸ್ತಾಗಿ ಬಿಟ್ಟುಕೊಟ್ಟವರನ್ನು ‘ಒಪ್ಪಿಕೊಂಡಿದ್ದಾರೆ’ ಎಂದು ಓದಿದೆ, ಅವರಂಥವರು ಇನ್ನೂ ಯಾರಿದ್ದಾರೆ ಹುಡುಕು ಅಂತ ಯಂತ್ರಕ್ಕೆ ಹೇಳಿಕೊಟ್ಟೆ. ಯಂತ್ರ ಹುಡುಕಿತು. ಅವರಿಗೂ ಫೋನ್ ಹೋಯಿತು. ಅವರಲ್ಲೂ ಕೆಲವರು ಸುಸ್ತಾದರು. ಮಾಡೆಲ್ ಹೇಳಿದ್ದು ಸರಿ ಅಂತಾಯಿತು.

ಮ್ಯಾನೇಜರ್‌ಗೆ ಹೇಳಿದೆ. ಆಕೆ ಒಳ್ಳೆಯವರು, ಕೇಳಿಸಿಕೊಂಡರು, ಮುಂದಿನ ಆವೃತ್ತಿಯಲ್ಲಿ ಆ ಕಾಲಮ್ಮಿನ ಅರ್ಥ ಬದಲಾಯಿತು. ಆದರೆ ಆ ಎಂಟು ತಿಂಗಳಲ್ಲಿ ಫೋನ್ ಹೋದವರಿಗೆ ಏನು ಮಾಡುತ್ತೀರಿ ಅಂತ ನಾನು ಕೇಳಲಿಲ್ಲ. ವೀಸಾ ಇನ್ನೂ ಆ ಕೆಲಸಕ್ಕೇ ಅಂಟಿಕೊಂಡಿತ್ತು, ಅದೂ ಒಂದು ಕಾರಣ. ಕೇಳಿದ್ದರೆ ಕೆಲಸ ಹೋಗುತ್ತಿತ್ತಾ? ಬಹುಶಃ ಇಲ್ಲ. ರಾಜ ಜೇಮ್ಸ್ ನನ್ನ ಮೇಲೆ ಮೊಕದ್ದಮೆ ಹಾಕುತ್ತಿರಲಿಲ್ಲ. ಆದರೂ ಕೇಳಲಿಲ್ಲ. ‘ಆ ಕಾಲ ಹಾಗಿತ್ತು’ ಎಂಬ ಮಾತು ನನಗೆ ಈಗ ಬೇರೆ ಥರ ಕೇಳಿಸುತ್ತದೆ. ನನ್ನ ಕಾಲವೂ ನನಗೆ ಬೇಕಾದಷ್ಟು ಹಾಗಿತ್ತು.

ಯಾರಿಗೆ ಕ್ಷಮೆ

2022ರ ಮಾರ್ಚ್ 8ರಂದು, ಮಹಿಳಾ ದಿನದಂದು, ಸ್ಕಾಟ್ಲೆಂಡಿನ ಆಗಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಸಂಸತ್ತಿನಲ್ಲಿ ನಿಂತು ಈ ಎಲ್ಲ ಆರೋಪಿಗಳ ಕ್ಷಮೆ ಕೇಳಿದರು. ಎರಡು ತಿಂಗಳಾದ ಮೇಲೆ ಚರ್ಚ್ ಆಫ್ ಸ್ಕಾಟ್ಲೆಂಡ್ ಕೂಡ ಕೇಳಿತು. ಸತ್ತವರಿಗೆ ಕೇಳುತ್ತದಾ, ಇದರಿಂದ ಏನು ಪ್ರಯೋಜನ ಅಂತ ಬಹಳ ಜನ ಗೊಣಗಿದರು. ನಾನೂ ಗೊಣಗಿದ್ದೆ. ಈಗ ಅನ್ನಿಸುವುದು, ದಾಖಲೆಯಲ್ಲಿ ‘ಒಪ್ಪಿಕೊಂಡಿದ್ದಾಳೆ’ ಎಂದು ಬರೆದ ಸಾಲಿನ ಕೆಳಗೆ ಅದೇ ಕಚೇರಿಯವರು ಬಂದು ‘ಈ ಸಾಲು ತಪ್ಪು’ ಎಂದು ಬರೆದಂತೆ ಅದು. ಅವಳಿಗೆ ಉಪಯೋಗವಿಲ್ಲ. ಮುಂದೆ ಆ ದಾಖಲೆ ಓದುವವನಿಗೆ ಇದೆ.

ಅಂಥ ಕೋಣೆಯಲ್ಲಿ ಕೂತೂ ಸ್ವಲ್ಪ ಜಾಗ ಉಳಿಸಿಕೊಂಡ ಒಬ್ಬಳ ಹೆಸರು ಹೇಳಿಬಿಡುತ್ತೇನೆ. 1704ರಲ್ಲಿ ಫೈಫ್ ಪ್ರಾಂತ್ಯದ ಟೋರಿಬರ್ನ್ ಊರಿನ ಮುದುಕಿ ಲಿಲಿಯಸ್ ಆಡಿ. ಅವಳೂ ಒಪ್ಪಿಕೊಂಡಳು. ಆದರೆ ಸಭೆಯಲ್ಲಿ ಇನ್ನೂ ಯಾರ್‍ಯಾರು ಇದ್ದರು ಅಂತ ಪೀಡಿಸಿದಾಗ, ಅವರೆಲ್ಲ ಮುಖ ಮುಚ್ಚಿಕೊಂಡಿದ್ದರು, ಗುರುತು ಸಿಗಲಿಲ್ಲ ಎಂದಳು. ಸೆರೆಯಲ್ಲೇ ಸತ್ತಳು. ಸಮುದ್ರದ ದಂಡೆಯ ಕೆಸರಿನಲ್ಲಿ ಹೂತು ಮೇಲೆ ದೊಡ್ಡ ಕಲ್ಲು ಎಳೆದರು. ತನ್ನನ್ನು ಉಳಿಸಿಕೊಳ್ಳಲು ಅವಳಿಂದ ಆಗಲಿಲ್ಲ. ಆದರೂ ಪಕ್ಕದ ಮನೆಯವಳನ್ನು ಆ ಕೋಣೆಗೆ ಕರೆತರಲಿಲ್ಲ.

ಹೋದ ತಿಂಗಳು ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಮೆಕೆಂಜಿಯ ಕಥೆಗೆ ಬಂದಾಗ ಅವಳು ಸುಮ್ಮನಾದಳು. ಆಮೇಲೆ ಹೇಳಿದಳು:

“ನಮ್ಮೂರಲ್ಲೂ ಒಬ್ರಿದ್ರು ಕಣೋ. ಅವರ ಮನೇಲಿ ಕೈಮದ್ದು ಹಾಕ್ತಾರೆ, ಏನೂ ತಿನ್ಬಾರ್ದು, ಕುಡೀಬಾರ್ದು ಅಂತ ಹೇಳೋರು. ಒಂದ್ಸಲ ಬಿಸಿಲಲ್ಲಿ ಸ್ಕೂಲಿಂದ ಬರ್ತಾ ಇದ್ದೆ. ಕರೆದು ಮಜ್ಜಿಗೆ ಕೊಟ್ರು. ಬೇಡ ಅಜ್ಜಿ ಅಂದು ಓಡಿಬಂದೆ.”

“ನೀನು ನಂಬ್ತಿದ್ಯೇನಮ್ಮ?”

“ಇಲ್ಲ. ಅದಕ್ಕೇ ಬೇಜಾರು.”